ಸರ್ಕಾರದ ನೀತಿ ಬದಲಾಗಬೇಕೆ? ಮನವಿ, ಆಕ್ಷೇಪಣೆ, ಸದನದ ಅರ್ಜಿ, ರಿಟ್: ಯಾವುದಕ್ಕೆ ಯಾವ ದಾರಿ

ಹತ್ತು ಸಾವಿರ ಸಹಿಯ ಮನವಿಯನ್ನು ಮುಖ್ಯಮಂತ್ರಿಗಳ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡಿರಬಹುದು. ಮೂರು ತಿಂಗಳ ಮೇಲೆ ಅದನ್ನು ಹುಡುಕಿ ಹೊರಟರೆ ಸಾಮಾನ್ಯವಾಗಿ ಸಿಗುವುದು ಯಾವುದೋ ನಿರ್ದೇಶನಾಲಯದ ಟಪಾಲು ಶಾಖೆಯಲ್ಲಿ, ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂಬ ಷರಾದೊಂದಿಗೆ. ಸಹಿ ಸಾಲದೆ ಹೀಗಾಯಿತು ಎಂದುಕೊಳ್ಳಬೇಡಿ. ಯಾವ ಕಾಗದ ಬದಲಾಗಬೇಕು, ಅದನ್ನು ಬದಲಿಸುವ ಅಧಿಕಾರ ಯಾರದ್ದು ಎಂಬ ಎರಡು ಮಾತು ಮನವಿಯಲ್ಲಿ ಇರುವುದಿಲ್ಲ. ಇರದಿದ್ದರೆ ಅದು ಮೇಜಿನಿಂದ ಮೇಜಿಗೆ ರವಾನೆಯಾಗುತ್ತದೆ, ಅಷ್ಟೇ.

ಸಹಿಯ ಲೆಕ್ಕದ ಬಗ್ಗೆ ಒಂದು ತಪ್ಪು ತಿಳಿವಳಿಕೆಯೂ ಇದೆ. ಬ್ರಿಟನ್ ಸಂಸತ್ತಿನ ಅರ್ಜಿ ತಾಣದಲ್ಲಿ 10,000 ಸಹಿಯಾದರೆ ಸರ್ಕಾರ ಲಿಖಿತ ಉತ್ತರ ಕೊಡುತ್ತದೆ. 1,00,000 ಆದರೆ ಸದನದ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮಲ್ಲಿ ದೆಹಲಿಯಲ್ಲೂ ಇಲ್ಲ, ವಿಧಾನಸೌಧದಲ್ಲೂ ಇಲ್ಲ, ಇಂಥ ಗಡಿ. ಲಕ್ಷ ಸಹಿಯಾದರೂ ಉತ್ತರ ಕೊಡಲೇಬೇಕೆಂಬ ನಿಯಮವಿಲ್ಲ. ಆದ್ದರಿಂದ ಸಹಿ ಸಂಗ್ರಹಕ್ಕೆ ಇಳಿಯುವ ಮುನ್ನ ದಾರಿ ಯಾವುದೆಂದು ತೀರ್ಮಾನವಾಗಿರಬೇಕು.

ಮೊದಲು ಬದಲಾಗಬೇಕಾದ ಕಾಗದವನ್ನು ಗುರುತಿಸಿ

‘ನೀತಿ’ ಎಂದು ನಾವು ಕರೆಯುವುದು ಕಡತದಲ್ಲಿ ಐದಾರು ಬೇರೆ ಬೇರೆ ರೂಪದಲ್ಲಿರುತ್ತದೆ. ಆಯುಕ್ತರೋ ನಿರ್ದೇಶಕರೋ ಹೊರಡಿಸಿದ ಸುತ್ತೋಲೆಯಾದರೆ ಅದನ್ನು ಅವರೇ ತಿದ್ದಬಲ್ಲರು. ಸಚಿವರ ತನಕ ಹೋಗುವ ಅಗತ್ಯವಿಲ್ಲ. ಸರ್ಕಾರಿ ಆದೇಶವಾದರೆ ಸಚಿವಾಲಯದಲ್ಲಿ ಕಡತ ಏಳಬೇಕು, ಹಣದ ಮಾತಿದ್ದರೆ ಆರ್ಥಿಕ ಇಲಾಖೆ ಸಹಮತಿ ಕೊಡಬೇಕು. ಕಾಯ್ದೆಯ ಕೆಳಗಿನ ನಿಯಮವಾದರೆ ಅನೇಕ ಸಂದರ್ಭಗಳಲ್ಲಿ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ಕಾಯ್ದೆಯೇ ಬದಲಾಗಬೇಕಾದರೆ ಸದನ. ಪಾಲಿಕೆ, ಪುರಸಭೆಯ ಬೈಲಾ ಆದರೆ ಅಲ್ಲಿನ ಸಭೆ. ಕೆಲವೊಮ್ಮೆ ನೀತಿ ಚೆನ್ನಾಗಿಯೇ ಇರುತ್ತದೆ, ಬಜೆಟ್‌ನಲ್ಲಿ ದುಡ್ಡು ಮಾತ್ರ ಇರುವುದಿಲ್ಲ. ಆಗ ನಿಮ್ಮ ಹೋರಾಟ ಲೆಕ್ಕಶೀರ್ಷಿಕೆಯ (ಬಜೆಟ್‌ನಲ್ಲಿ ಹಣ ಇಡುವ ಬಾಬ್ತಿನ) ಜೊತೆಗೆ.

ಒಂದು ಉದಾಹರಣೆ ಹಿಡಿದು ನೋಡೋಣ: ಸರ್ಕಾರಿ ವಿದ್ಯಾರ್ಥಿನಿಲಯದ ಮಕ್ಕಳ ಮಾಸಿಕ ಭೋಜನ ವೆಚ್ಚ ಹೆಚ್ಚಬೇಕು. ಒಂದೇ ಊರಿನ ನಾಲ್ಕು ಹಾಸ್ಟೆಲ್‌ಗಳು ನಾಲ್ಕು ಇಲಾಖೆಗೆ ಸೇರಿರಬಹುದು: ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ. ‘ಹಾಸ್ಟೆಲ್ ಮಕ್ಕಳ ಸಮಸ್ಯೆ’ ಎಂದು ಬರೆದ ಮನವಿಯನ್ನು ಒಂದು ಇಲಾಖೆ ಇನ್ನೊಂದಕ್ಕೆ ಕಳಿಸುತ್ತಲೇ ಇರುತ್ತದೆ. ಅದರ ಬದಲು ಈಗ ಜಾರಿಯಲ್ಲಿರುವ ಆದೇಶದ ಪ್ರತಿ ಹುಡುಕಿ. ಅದರ ಮೇಲ್ಭಾಗದಲ್ಲಿ ‘ಓದಲಾಗಿದೆ’ ಎಂಬ ಪಟ್ಟಿ ಇರುತ್ತದೆ. ಹಿಂದಿನ ಆದೇಶಗಳ ಸಂಖ್ಯೆ, ದಿನಾಂಕ, ಯಾವ ಆಯುಕ್ತರ ಯಾವ ಪತ್ರದಿಂದ ಈ ಪ್ರಸ್ತಾವನೆ ಶುರುವಾಯಿತು ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಕೆಳಭಾಗದಲ್ಲಿ ಆರ್ಥಿಕ ಇಲಾಖೆಯ ಯಾವ ಟಿಪ್ಪಣಿಯ ಸಹಮತಿಯಂತೆ ಆದೇಶ ಹೊರಟಿತು ಎಂಬ ಸಾಲು. ಕೊನೆಗೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿದ್ದು, ಅದರಡಿ ಸಹಿ ಮಾಡಿದ ಅಧಿಕಾರಿಯ ಹುದ್ದೆ, ಶಾಖೆ. ಆ ಒಂದು ಹಾಳೆಯಲ್ಲಿ ನಿಮ್ಮ ದಾರಿಯ ನಕಾಶೆ ಇರುತ್ತದೆ. ಹಿಂದೆ ಆಯುಕ್ತರ ಪತ್ರದಿಂದ ದರ ಹೆಚ್ಚಿದ್ದರೆ ಈ ಸಲವೂ ಆ ಪತ್ರ ಹೊರಡುವಂತೆ ಮಾಡುವುದೇ ಮೊದಲ ಗುರಿ. ಸಚಿವರ ಭೇಟಿ ಆಮೇಲಿನದು.

ಆದೇಶ ಜಾಲತಾಣದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದದೊಳಗೆ ಇರಬೇಕು. ಇದನ್ನು ಮರೆತು ಎರಡು ಪುಟ ಬರೆದ ಅರ್ಜಿಗಳು ಅಲ್ಲಿಗೇ ತಿರಸ್ಕೃತವಾಗುತ್ತವೆ. ‘ದರ ಏಕೆ ಹೆಚ್ಚಿಸಿಲ್ಲ?’ ಎಂದು ಕೇಳಬೇಡಿ. ‘ಇಂಥ ಆದೇಶದ ಕಡತದ ಟಿಪ್ಪಣಿ ಹಾಳೆಗಳ ಮತ್ತು ಪತ್ರವ್ಯವಹಾರದ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. ಹಿಂದಿನ ಸಲ ಆರ್ಥಿಕ ಇಲಾಖೆ ಏನೆಂದು ಆಕ್ಷೇಪಿಸಿತ್ತು ಎಂಬುದು ಟಿಪ್ಪಣಿ ಹಾಳೆಯಲ್ಲಿರುತ್ತದೆ, ಈ ಸಲ ನೀವು ಉತ್ತರಿಸಬೇಕಾದ ಪ್ರಶ್ನೆಯೂ ಅದೇ. ವಿಷಯ ಸಂಪುಟದ ಮುಂದಿದ್ದು ತೀರ್ಮಾನ ಆಗಿರದಿದ್ದರೆ 8(1)(ಐ) ಕಲಂ ತೋರಿಸಿ ನಿರಾಕರಿಸುತ್ತಾರೆ. ತೀರ್ಮಾನವಾದ ಮೇಲೆ ಆ ಅಡ್ಡಿ ನಿಲ್ಲುವುದಿಲ್ಲ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ಸರದಿ ಬಹಳ ಉದ್ದ. ಅದನ್ನೇ ಕಾಯುತ್ತ ಉಳಿದ ಕೆಲಸ ನಿಲ್ಲಿಸಬೇಡಿ.

ಇಲಾಖೆಗೆ ನೇರ ಮನವಿ

ಅಗ್ಗದ, ಬೇಗ ಆಗುವ, ಸರಿಯಾಗಿ ಬರೆದರೆ ಹೆಚ್ಚು ಫಲ ಕೊಡುವ ದಾರಿ ಇದು. ಸುತ್ತೋಲೆ, ಸರ್ಕಾರಿ ಆದೇಶ, ಯೋಜನೆಯ ಮಾರ್ಗಸೂಚಿ ಇವೆಲ್ಲಕ್ಕೂ ಮೊದಲು ಇದನ್ನೇ ಹಿಡಿಯಬೇಕು. ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೂ ‘ಸರ್ಕಾರವನ್ನು ಕೇಳಿದ್ದೀರಾ? ಏನೆಂದರು?’ ಎಂಬುದೇ ಮೊದಲ ಪ್ರಶ್ನೆ.

ಮನವಿ ಎರಡು ಪುಟ ಮೀರದಿರಲಿ; ಉಳಿದದ್ದು ಅನುಬಂಧಕ್ಕೆ. ‘ವಿಷಯ’ದ ಸಾಲಿನಲ್ಲೇ ತಿದ್ದಬೇಕಾದ ಆದೇಶದ ಸಂಖ್ಯೆ, ದಿನಾಂಕ ಬರಲಿ. ಅದರಡಿ ‘ಉಲ್ಲೇಖ’. ಮೊದಲ ಪ್ಯಾರಾದಲ್ಲಿ ಈಗಿನ ಆದೇಶದ ವಾಕ್ಯವನ್ನು ಇದ್ದಂತೆಯೇ ಬರೆದು, ಎರಡನೆಯದರಲ್ಲಿ ನೀವು ಬಯಸುವ ವಾಕ್ಯವನ್ನು ಆದೇಶದ ಭಾಷೆಯಲ್ಲೇ ಬರೆಯಿರಿ. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ವಿಷಯ ನಿರ್ವಾಹಕರು (ಶಾಖೆಯಲ್ಲಿ ಕಡತ ನೋಡುವ ನೌಕರರು) ಟಿಪ್ಪಣಿ ಬರೆಯುವಾಗ ನಿಮ್ಮ ವಾಕ್ಯವನ್ನೇ ಎತ್ತಿಕೊಳ್ಳುವಂತಿದ್ದರೆ ಕಡತ ಅರ್ಧ ದಾರಿ ಸಾಗಿತೆಂದೇ ಲೆಕ್ಕ. ಮೂರನೆಯದು ಎಷ್ಟು ಜನಕ್ಕೆ ಸಂಬಂಧಿಸಿದ್ದು ಎಂಬುದು. ಅಂಕಿಗಳನ್ನು ಇಲಾಖೆಯ ವಾರ್ಷಿಕ ವರದಿಯಿಂದಲೇ ತೆಗೆಯಿರಿ, ತನ್ನದೇ ಅಂಕಿಯನ್ನು ಇಲಾಖೆ ಅಲ್ಲಗಳೆಯಲಾರದು. ನಾಲ್ಕನೆಯದು ವೆಚ್ಚ. ತಿಂಗಳಿಗೆ 200 ರೂಪಾಯಿ ಹೆಚ್ಚಳ, ವರ್ಷಕ್ಕೆ 10 ತಿಂಗಳು, ಒಂದು ಲಕ್ಷ ಮಕ್ಕಳು ಎಂದಿಟ್ಟುಕೊಂಡರೆ 20 ಕೋಟಿ. ಈ ಲೆಕ್ಕ ನೀವು ಕೊಡದಿದ್ದರೆ ‘ಆರ್ಥಿಕ ಹೊರೆ ಅಂದಾಜಿಸಿ ಮಂಡಿಸಿ’ ಎಂದು ಕಡತ ಕೆಳಗಿಳಿಯುತ್ತದೆ, ಮತ್ತೆ ಮೇಲೇರಲು ತಿಂಗಳುಗಳು ಬೇಕು.

ಒಂದು ಮನವಿಯಲ್ಲಿ ಒಂದೇ ಬೇಡಿಕೆ. ಭೋಜನ ವೆಚ್ಚ, ಕಟ್ಟಡ ದುರಸ್ತಿ, ವಾರ್ಡನ್ ನೇಮಕ ಮೂರನ್ನೂ ಒಟ್ಟಿಗೆ ಕಟ್ಟಿದರೆ ಮೂರು ಶಾಖೆಗಳ ಅಭಿಪ್ರಾಯ ಬರುವ ತನಕ ಕಡತ ಕದಲುವುದಿಲ್ಲ. ವಿಳಾಸದಲ್ಲೂ ಒಬ್ಬರೇ ಇರಲಿ: ನಿರ್ಧರಿಸುವ ಅಧಿಕಾರಿ. ಮಿಕ್ಕವರ ಹೆಸರು ಕೆಳಗೆ ‘ಪ್ರತಿ’ ಎಂದು. ಮುಖ್ಯಮಂತ್ರಿಯಿಂದ ತಹಶೀಲ್ದಾರರವರೆಗೆ ಎಲ್ಲರಿಗೂ ‘ಗೆ,’ ಎಂದು ಬರೆದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಸುಮ್ಮನಾಗುತ್ತಾರೆ.

ಸಹಿಯ ಹಾಳೆಗಳಿಗೂ ಕ್ರಮವಿದೆ. ಪ್ರತಿ ಹಾಳೆಯ ನೆತ್ತಿಯಲ್ಲೂ ಬೇಡಿಕೆಯ ವಾಕ್ಯ ಅಚ್ಚಾಗಿರಬೇಕು. ಖಾಲಿ ಹಾಳೆಯಲ್ಲಿ ಬರೀ ಹೆಸರು, ಸಹಿ ಇದ್ದರೆ ಅದು ಯಾವುದಕ್ಕೆ ಹಾಕಿದ್ದೆಂದು ಯಾರಾದರೂ ಪ್ರಶ್ನಿಸಬಹುದು. ಹೆಸರು, ಊರು, ಸಹಿ ಅಥವಾ ಹೆಬ್ಬೆಟ್ಟು ಸಾಕು. ಆಧಾರ್ ಸಂಖ್ಯೆ ಬರೆಸಿಕೊಳ್ಳುವ ಚಾಳಿ ಬೇಡ, ಆ ಹಾಳೆಗಳು ನಾಳೆ ಯಾರ ಕೈ ಸೇರುತ್ತವೋ.

ಮುದ್ದಾಂ, ಅಂದರೆ ಖುದ್ದಾಗಿ ಕೊಡುವುದಾದರೆ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಮೂರನ್ನೂ ಹಾಕಿಸಿಕೊಳ್ಳಿ. ಅಂಚೆಯಾದರೆ ಸ್ಪೀಡ್ ಪೋಸ್ಟ್, ತಲುಪಿದ ದಾಖಲೆಯ ಮುದ್ರಣ ಸಮೇತ. ಸ್ವೀಕೃತಿ ಸಂಖ್ಯೆ ಬೇರೆ, ಕಡತ ಸಂಖ್ಯೆ ಬೇರೆ. ಹದಿನೈದು ದಿನ ಬಿಟ್ಟು ಶಾಖೆಗೆ ಹೋಗಿ ಇ-ಆಫೀಸ್ ಕಡತ ಸಂಖ್ಯೆ ಕೇಳಿ. ಕಡತವೇ ಆಗಿಲ್ಲ ಎಂದರೆ ಅದು ಇನ್ನೂ ಟಪಾಲು ಮಾತ್ರ, ಅದರ ಮೇಲೆ ಯಾರೂ ತೀರ್ಮಾನ ಮಾಡಬೇಕಾಗಿಲ್ಲ. ಕೊನೆಗೆ ಹಿಂಬರಹ (ಇಲಾಖೆಯ ಲಿಖಿತ ಉತ್ತರ) ಕೇಳಿ ಪಡೆಯಿರಿ. ‘ಅವಕಾಶವಿಲ್ಲ’ ಎಂಬ ಹಿಂಬರಹ ಬಂದರೂ ಲಾಭವೇ: ಕಾರಣ ಕಾಗದದ ಮೇಲೆ ಬಂತು. ಕಾರಣವಿಲ್ಲದೆ ಬಂದರೆ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ ನೆನಪಿಸಿ. ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಿಸುವುದು ಅದರಂತೆ ಪ್ರಾಧಿಕಾರದ ಹೊಣೆ.

ದೂರು ಪೋರ್ಟಲ್‌ಗಳು ಇದಕ್ಕಲ್ಲ

ಕೇಂದ್ರದ ಸಿಪಿಗ್ರಾಮ್ಸ್, ರಾಜ್ಯದ 1902 ಜನಸ್ಪಂದನ, ಸಕಾಲ ಈ ಮೂರೂ ಇರುವ ನಿಯಮ ಪಾಲನೆಯಾಗದಿದ್ದಾಗ ಒಳ್ಳೆಯವು. ನಿಯಮವನ್ನೇ ಬದಲಿಸಲು ಅಲ್ಲ. ಸಿಪಿಗ್ರಾಮ್ಸ್‌ನಲ್ಲಿ ತೆಗೆದುಕೊಳ್ಳದ ವಿಷಯಗಳ ಪಟ್ಟಿಯಲ್ಲಿ ‘ಸಲಹೆಗಳು’ ಎಂದೇ ಇದೆ, ನ್ಯಾಯಾಲಯದಲ್ಲಿರುವ ವಿಷಯಗಳೂ ಇವೆ. ಅಲ್ಲಿ ದೂರು ವಿಲೇವಾರಿಗೆ 2024ರಿಂದ 21 ದಿನದ ಗಡುವು. ಆ ಗಡುವಿನ ಒತ್ತಡದಲ್ಲಿ ನೀತಿಯ ಪ್ರಶ್ನೆಗೆ ಬರುವ ಉತ್ತರ ‘ಇದು ನೀತಿ ವಿಷಯ, ಮುಕ್ತಾಯಗೊಳಿಸಲಾಗಿದೆ’ ಎಂದು. ಸಕಾಲ ಎಂಬುದು ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸುವ ಕಾಯ್ದೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಇವುಗಳಿಂದ ಬೇರೊಂದು ಉಪಯೋಗ ಉಂಟು: ಐವತ್ತು ಜನ ಒಂದೇ ಬಗೆಯ ದೂರು ಕೊಟ್ಟು ಐವತ್ತಕ್ಕೂ ‘ಈಗಿನ ನಿಯಮದಲ್ಲಿ ಅವಕಾಶವಿಲ್ಲ’ ಎಂಬ ಉತ್ತರ ಪಡೆದರೆ, ನಿಯಮವೇ ತಪ್ಪು ಎನ್ನಲು ಅದಕ್ಕಿಂತ ಒಳ್ಳೆಯ ಅನುಬಂಧ ಇಲ್ಲ.

ಕರಡಿಗೆ ಆಕ್ಷೇಪಣೆ: ಬಾಗಿಲು ತಾನಾಗಿ ತೆರೆದಾಗ

ಜನ ಕಡಿಮೆ ಬಳಸುವ, ಆದರೆ ಕಾನೂನಿನ ಬಲ ಹೆಚ್ಚಿರುವ ದಾರಿ ಇದು. ಮನವಿಯನ್ನು ಓದದೆ ಬಿಡಬಹುದು. ಮೂಲ ಕಾಯ್ದೆ ‘ಪೂರ್ವ ಪ್ರಕಟಣೆ’ ಬೇಕೆಂದು ಹೇಳಿದ್ದರೆ ಗಡುವಿನೊಳಗೆ ಬಂದ ಆಕ್ಷೇಪಣೆಯನ್ನು ಪರಿಗಣಿಸದೆ ಬಿಡುವಂತಿಲ್ಲ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಂ ಹೇಳುವುದು ಇದನ್ನೇ. ಅದೇ ಕಲಂನಲ್ಲಿ ಇನ್ನೊಂದು ಸಂಗತಿಯೂ ಇದೆ: ಅಂತಿಮ ನಿಯಮ ರಾಜ್ಯಪತ್ರದಲ್ಲಿ ಪ್ರಕಟವಾಯಿತೆಂದರೆ ಅದು ಕ್ರಮಬದ್ಧವಾಗಿಯೇ ಆಗಿದೆ ಎಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಸಾಕ್ಷ್ಯ. ಗಡುವು ಮುಗಿದ ಮೇಲೆ ಎಚ್ಚೆತ್ತರೆ ಎಷ್ಟು ಕಷ್ಟ ಎಂಬುದು ಇದರಿಂದಲೇ ತಿಳಿಯುತ್ತದೆ.

ಗಡುವುಗಳು ಒಂದೇ ಸಮನಿಲ್ಲ. ಕೇಂದ್ರದ ಮಸೂದೆಗಳ ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕೆಂದು 2014ರ ಶಾಸನಪೂರ್ವ ಸಮಾಲೋಚನಾ ನೀತಿ ಹೇಳುತ್ತದೆ. ಆದರೆ ಅದು ಕಾಯ್ದೆಯಲ್ಲ, ಪಾಲನೆಯಾಗದ ಉದಾಹರಣೆಗಳು ಧಾರಾಳ; ರಾಜ್ಯಗಳಿಗೆ ಅದು ಅನ್ವಯವೂ ಅಲ್ಲ. ನೇಮಕಾತಿ ನಿಯಮಗಳ ಕರಡಿಗೆ ಹದಿನೈದು ದಿನವಷ್ಟೇ ಇರುವುದು ಸಾಮಾನ್ಯ. ಕರ್ನಾಟಕದ ಗಿಗ್ ಕಾರ್ಮಿಕರ (ಆ್ಯಪ್‌ಗಳ ಮೂಲಕ ಕೆಲಸ ಮಾಡುವವರ) ಮಸೂದೆಯ ಕರಡು 2024ರ ಜೂನ್ ಕೊನೆಯಲ್ಲಿ ಪ್ರಕಟವಾದಾಗ ಅಭಿಪ್ರಾಯಕ್ಕೆ ಸಿಕ್ಕಿದ್ದು ಹತ್ತೇ ದಿನ. ಆದ್ದರಿಂದ ನಿಮ್ಮ ವಿಷಯದ ಇಲಾಖೆಯ ಜಾಲತಾಣ ಮತ್ತು ರಾಜ್ಯಪತ್ರವನ್ನು ವಾರಕ್ಕೊಮ್ಮೆ ನೋಡಲು ಒಬ್ಬರನ್ನು ಗೊತ್ತುಮಾಡಿ. ಬೇಸರದ ಕೆಲಸ, ಇದನ್ನು ಬಿಟ್ಟರೆ ಬೇರೆ ಉಪಾಯವಿಲ್ಲ.

ಆಕ್ಷೇಪಣೆಗಳೆಲ್ಲ ಬಂದ ಮೇಲೆ ಇಲಾಖೆಯೊಳಗೆ ಒಂದು ತಖ್ತೆ ತಯಾರಾಗುತ್ತದೆ: ಕರಡಿನ ಖಂಡ, ಬಂದ ಆಕ್ಷೇಪಣೆ, ಇಲಾಖೆಯ ಅಭಿಪ್ರಾಯ. ನಿಮ್ಮ ಪತ್ರವನ್ನು ಆ ತಖ್ತೆಗೆ ಹೊಂದುವಂತೆಯೇ ಬರೆಯಿರಿ. ಖಂಡದ ಸಂಖ್ಯೆ, ಕರಡಿನಲ್ಲಿರುವ ಪದಗಳು, ಅದರಿಂದಾಗುವ ತೊಂದರೆ ಎರಡು ಸಾಲಿನಲ್ಲಿ, ಬದಲಿ ಪದಗಳು, ಕಾರಣ. ಹೀಗೆ ಒಂದೊಂದು ಖಂಡಕ್ಕೆ ಒಂದೊಂದು ಸಾಲು. ಖಂಡ ಹೇಳದೆ ‘ಈ ಕರಡು ಜನವಿರೋಧಿ’ ಎಂದು ಬರೆದ ಪತ್ರ ‘ಸಾಮಾನ್ಯ ಆಕ್ಷೇಪಣೆಗಳು’ ಎಂಬ ಒಂದೇ ಸಾಲಿಗೆ ಸೇರುತ್ತದೆ, ಅಂಥವು ಸಾವಿರ ಬಂದರೂ ಅಷ್ಟೇ.

ಸಂಖ್ಯೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಎರಡು ಪ್ರಸಂಗ ಸಾಕು. 2015ರ ಮಾರ್ಚ್‌ನಲ್ಲಿ ಬಂದ ಸಮಾಲೋಚನಾ ಪತ್ರಕ್ಕೆ ಅಂತರ್ಜಾಲ ಸಮಾನತೆ (ಎಲ್ಲ ತಾಣಗಳನ್ನೂ ತಾರತಮ್ಯವಿಲ್ಲದೆ ಒದಗಿಸುವುದು) ಬೇಕೆಂದು ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಅವುಗಳ ಮಾದರಿ ಪತ್ರ ಪ್ರಾಧಿಕಾರ ಕೇಳಿದ್ದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುತ್ತಿತ್ತು. ಡಿಸೆಂಬರಿನಲ್ಲಿ ದರ ವ್ಯತ್ಯಾಸದ ಬಗ್ಗೆ ಇನ್ನೊಂದು ಪತ್ರ ಬಂತು, ನಾಲ್ಕು ನಿರ್ದಿಷ್ಟ ಪ್ರಶ್ನೆಗಳೊಂದಿಗೆ. ಫೇಸ್‌ಬುಕ್ ತನ್ನ ಬಳಕೆದಾರರಿಂದ ಆಯ್ದ ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಪರವಾಗಿ ಲಕ್ಷಾಂತರ ಸಿದ್ಧ ಸಂದೇಶ ಕಳಿಸಿತು. ಅವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತಿಲ್ಲ ಎಂದು ಟ್ರಾಯ್ ಬಹಿರಂಗವಾಗಿಯೇ ಹೇಳಿತು. 2016ರ ಫೆಬ್ರುವರಿ 8ರಂದು ಬಂದ ನಿಯಮ ದರ ತಾರತಮ್ಯವನ್ನು ನಿಷೇಧಿಸಿತು. ಮಾದರಿ ಪತ್ರ ಹಂಚುವುದು ತಪ್ಪಲ್ಲ, ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರಿಸಬೇಕು. ಜೊತೆಗೊಂದು ಎಚ್ಚರ: 2015ರಲ್ಲಿ ಬಂದ ಇಮೇಲ್‌ಗಳನ್ನು ಟ್ರಾಯ್ ಕಳಿಸಿದವರ ವಿಳಾಸ ಸಹಿತ ಪ್ರಕಟಿಸಿಬಿಟ್ಟಿತು. ಪತ್ರದ ಒಡಲಲ್ಲಿ ಫೋನ್ ಸಂಖ್ಯೆ, ಮನೆ ವಿಳಾಸ ಬರೆಯುವ ಮುನ್ನ ಯೋಚಿಸಿ.

ಬರೆಯದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಬಸವೇಶ್ವರ ವೃತ್ತ–ಹೆಬ್ಬಾಳ ಉಕ್ಕಿನ ಮೇಲ್ಸೇತುವೆ ಸಾಕ್ಷಿ. 2016ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಭಿಪ್ರಾಯ ಕರೆದಾಗ ಬಂದ ಪ್ರತಿಕ್ರಿಯೆ ಮುನ್ನೂರರೊಳಗೆ. ಅದರಲ್ಲಿ ಹೆಚ್ಚಿನವು ಯೋಜನೆಯ ಪರ ಎಂದು ಅದು ಹೇಳಿಕೊಂಡಿತು. ಆಮೇಲೆ ಅಕ್ಟೋಬರ್ 16ರ ಮಾನವ ಸರಪಳಿ, ಹಸಿರು ನ್ಯಾಯಮಂಡಳಿಯ ತಡೆ ಎಲ್ಲ ಆಗಿ 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಸಾವಿರಾರು ಜನ ಬೀದಿಗಿಳಿಯಬೇಕಾದ ಕೆಲಸದ ಒಂದಷ್ಟು ಪಾಲು ಕೆಲವು ನೂರು ಪತ್ರಗಳಿಂದ ಮೊದಲೇ ಆಗಬಹುದಿತ್ತು.

ಕರಡು ಕನ್ನಡದಲ್ಲಿ ಇಲ್ಲದಿದ್ದರೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಎತ್ತಿ, ಗಡುವು ವಿಸ್ತರಣೆ ಕೇಳಿ. 2020ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡಿನ ವಿಷಯದಲ್ಲಿ ದೆಹಲಿ ಹೈಕೋರ್ಟು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಲು ಹೇಳಿ ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿತ್ತು. ಆ ಕರಡು ಆ ರೂಪದಲ್ಲಿ ಅಂತಿಮವಾಗಲಿಲ್ಲ.

ಸದನದ ಅರ್ಜಿ ಸಮಿತಿಯೋ, ಶಾಸಕರ ಪ್ರಶ್ನೆಯೋ

ಲೋಕಸಭೆ, ರಾಜ್ಯಸಭೆ, ನಮ್ಮ ವಿಧಾನಸಭೆ, ವಿಧಾನ ಪರಿಷತ್ತು ನಾಲ್ಕಕ್ಕೂ ಅರ್ಜಿಗಳ ಸಮಿತಿ ಇದೆ. ಸಾಮಾನ್ಯ ನಾಗರಿಕರು ಸದನವನ್ನೇ ಉದ್ದೇಶಿಸಿ ಅರ್ಜಿ ಹಾಕಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಲೋಕಸಭೆಯ ಕಾರ್ಯವಿಧಾನ ನಿಯಮ 160ರಿಂದ 167ರವರೆಗೆ ಇದರ ಕ್ರಮ ಇದೆ. ಸದನದ ಮುಂದಿರುವ ಮಸೂದೆ, ಬಾಕಿ ಇರುವ ಕಲಾಪ, ಅಥವಾ ಸಾರ್ವಜನಿಕ ಹಿತದ ಯಾವುದೇ ವಿಷಯ ಆಗಬಹುದು. ಆದರೆ ಅದು ನ್ಯಾಯಾಲಯ, ನ್ಯಾಯಮಂಡಳಿ, ಆಯೋಗದ ಮುಂದೆ ಇರಬಾರದು. ರಾಜ್ಯ ವಿಧಾನಮಂಡಲದಲ್ಲಿ ಎತ್ತಬೇಕಾದ ವಿಷಯವಾಗಿರಬಾರದು. ಈಗಿನ ಕಾನೂನಿನಲ್ಲೇ ಪರಿಹಾರ ಇರಬಾರದು. ಹೆಚ್ಚಿನ ಅರ್ಜಿಗಳು ಬೀಳುವುದು ಈ ಮೂರನೆಯ ಕಾರಣಕ್ಕೆ: ನೀತಿಯ ಹೆಸರಿನಲ್ಲಿ ಸ್ವಂತ ಪಿಂಚಣಿ, ಸ್ವಂತ ಜಮೀನಿನ ದೂರು ಬರೆದಿರುತ್ತಾರೆ.

ನಮೂನೆ ಕಟ್ಟುನಿಟ್ಟು. ನಿಗದಿತ ನಮೂನೆಯಲ್ಲೇ ಬರೆದು, ಕೊನೆಗೆ ಏನು ಪ್ರಾರ್ಥಿಸುತ್ತೇವೆ ಎಂಬುದು ಸ್ಪಷ್ಟವಾಗಿರಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದಕ್ಕೆ ಅರ್ಜಿದಾರರ ಸಹಿ ಹಾಕಿ ಲಗತ್ತಿಸಬೇಕು. ಅನುಬಂಧ ಇಡುವಂತಿಲ್ಲ, ಪತ್ರ, ಪ್ರಮಾಣಪತ್ರ, ದಾಖಲೆ ಏನೂ ಇಲ್ಲ. ಇಲಾಖೆಯ ಮನವಿಗೆ ಮಾಡಿದ ಕಟ್ಟನ್ನೇ ಇಲ್ಲಿಗೂ ಕಳಿಸಿದರೆ ಕ್ರಮಬದ್ಧವಲ್ಲ ಎನಿಸಿಕೊಳ್ಳುತ್ತದೆ, ಹೇಳಬೇಕಾದ್ದೆಲ್ಲ ಅರ್ಜಿಯ ಒಡಲಲ್ಲೇ ಬರಲಿ. ಸದಸ್ಯರ ಮೂಲಕ ಮಂಡಿಸಿದರೆ ಅವರ ಮೇಲುಸಹಿ ಬೇಕು. ನಮೂನೆಗೆ ಹೊಂದದ ಪತ್ರವನ್ನೂ ಸಮಿತಿ ಬರೀ ಮನವಿಯಾಗಿ ಪರಿಶೀಲಿಸಬಹುದು, ಆದರೆ ತೂಕ ಕಡಿಮೆ. ರಾಜ್ಯದ ವಿಷಯವಾದರೆ ವಿಧಾನಸಭೆ ಅಥವಾ ಪರಿಷತ್ತಿನ ಸಚಿವಾಲಯದಿಂದ ಅವರದೇ ನಮೂನೆ ಪಡೆಯಿರಿ. ಅಲ್ಲಿ ಕನ್ನಡ ಸಾಕು.

ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಕಾಲವೂ ವರ್ಷಗಟ್ಟಲೆ ಹಿಡಿಯಬಹುದು. ಹಾಗಾದರೆ ಲಾಭವೇನು? ಇಲಾಖೆಯ ಕಾರ್ಯದರ್ಶಿ ಸಮಿತಿಯ ಮುಂದೆ ಕುಳಿತು ಉತ್ತರಿಸಬೇಕಾಗುತ್ತದೆ, ಆ ಉತ್ತರ ವರದಿಯಾಗಿ ಸದನದ ಮೇಜಿಗೆ ಬರುತ್ತದೆ. ‘ಸಮಾನ ಶ್ರೇಣಿ ಸಮಾನ ಪಿಂಚಣಿ’ ಕೋರಿ ಮಾಜಿ ಸೈನಿಕರ ಪರವಾಗಿ ಬಂದ ಅರ್ಜಿಯನ್ನು ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಅರ್ಜಿ ಸಮಿತಿ 2011ರ ಡಿಸೆಂಬರಿನ ವರದಿಯಲ್ಲಿ ಎತ್ತಿಹಿಡಿಯಿತು. ಆದೇಶ ಬಂದದ್ದು 2015ರ ನವೆಂಬರಿನಲ್ಲಿ. ನಡುವಿನ ನಾಲ್ಕು ವರ್ಷವೂ ಹೋರಾಟಗಾರರು ಆ ವರದಿಯ ವ್ಯಾಖ್ಯೆಯನ್ನೇ ಹಿಡಿದು ವಾದಿಸಿದರು. ಅನೇಕ ಜಿಲ್ಲೆಗಳನ್ನು, ಅನೇಕ ಇಲಾಖೆಗಳನ್ನು ಮುಟ್ಟುವ, ಐದು ವರ್ಷ ಕಾಯಲು ಸಂಘಟನೆಗೆ ಶಕ್ತಿ ಇರುವ ವಿಷಯಕ್ಕೆ ಈ ದಾರಿ ಸರಿ.

ಅಷ್ಟು ಕಾಯಲಾಗದಿದ್ದರೆ ನಿಮ್ಮ ಶಾಸಕರು ಅಥವಾ ಪರಿಷತ್ ಸದಸ್ಯರಿಂದ ಒಂದು ಪ್ರಶ್ನೆ ಕೇಳಿಸಿ. ಪ್ರಶ್ನೆಯನ್ನು ನೀವೇ ಬರೆದುಕೊಡಿ, ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ. ಲೋಕಸಭೆಯಲ್ಲಿ ಕನಿಷ್ಠ 15 ಪೂರ್ಣ ದಿನ ಮೊದಲು ಸೂಚನೆ ಕೊಡಬೇಕು, ಅಧಿವೇಶನ ಶುರುವಾದ ಮೇಲೆ ಹೋದರೆ ಕೈತಪ್ಪುತ್ತದೆ. ಪ್ರಶ್ನೆ ‘ಏನು ಕ್ರಮ ಕೈಗೊಳ್ಳಲಾಗಿದೆ’ ಎಂದು ಮುಗಿಯದಿರಲಿ. ‘ಇಂಥ ದಿನಾಂಕದ ಆಯುಕ್ತರ ಪ್ರಸ್ತಾವನೆ ಸರ್ಕಾರಕ್ಕೆ ಬಂದಿದೆಯೇ, ಯಾವ ಹಂತದಲ್ಲಿದೆ, ಯಾವಾಗ ಆದೇಶ ಹೊರಡುವುದು’ ಎಂದು ಕೇಳಿಸಿ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ಹಲವರು ಸೋಲೆಂದು ಬಗೆಯುತ್ತಾರೆ. ಸಂಸತ್ತಿನಲ್ಲಿ ಅದು ಸರ್ಕಾರದ ‘ಭರವಸೆ’ಯ ಲೆಕ್ಕಕ್ಕೆ ಸೇರಿ, ಮೂರು ತಿಂಗಳಲ್ಲಿ ಈಡೇರಿಸಬೇಕಾದ ಪಟ್ಟಿಗೆ ಹೋಗಬಹುದು. ರಾಜ್ಯದಲ್ಲೂ ಭರವಸೆಗಳ ಸಮಿತಿ ಉಂಟು, ಆ ಉತ್ತರದ ಪ್ರತಿ ಇಟ್ಟುಕೊಂಡು ಬೆನ್ನುಹತ್ತಿ.

ಖಾಸಗಿ ಸದಸ್ಯರ ಮಸೂದೆಯ ಮೇಲೆ ಹೆಚ್ಚು ಆಸೆ ಇಡಬೇಡಿ. ಸಂಸತ್ತಿನಲ್ಲಿ ಇದುವರೆಗೆ ಕಾಯ್ದೆಯಾದವು 14, ಕೊನೆಯದು 1970ರಲ್ಲಿ. ಚರ್ಚೆ ಹುಟ್ಟಿಸಲು ಮಾತ್ರ ಅದು ಒಳ್ಳೆಯದು. ತಿರುಚ್ಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು 2015ರಲ್ಲಿ ರಾಜ್ಯಸಭೆ ಅಂಗೀಕರಿಸಿತು. ಸರ್ಕಾರ ತನ್ನದೇ ಬೇರೆ ಮಸೂದೆ ತಂದು 2019ರಲ್ಲಿ ಕಾಯ್ದೆ ಮಾಡಿತು, ಅದೂ ಸಮುದಾಯ ಕೇಳಿದ ರೂಪದಲ್ಲಲ್ಲ.

ಗ್ರಾಮಸಭೆ, ಆನ್‌ಲೈನ್ ಸಹಿ, ಧರಣಿ

ವಿಷಯ ಹಳ್ಳಿಯ ಮಟ್ಟದ್ದಾದರೆ ಗ್ರಾಮಸಭೆಯ ನಿರ್ಣಯಕ್ಕೆ ಸಾವಿರ ಸಹಿಗಿಂತ ಬೆಲೆ. ಆರು ತಿಂಗಳಿಗೊಮ್ಮೆಯಾದರೂ ಸಭೆ ನಡೆಯಬೇಕು. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಕೋರಂ ಇಲ್ಲದೆ ಮಾಡಿದ ನಿರ್ಣಯವನ್ನು ಒಂದು ಹಾಜರಿ ಪುಸ್ತಕ ತೋರಿಸಿ ಹೊಡೆದುಹಾಕಬಹುದು. ಆದ್ದರಿಂದ ಹಾಜರಾತಿಯ ಸಹಿ, ನಡಾವಳಿಯಲ್ಲಿ ನಿರ್ಣಯದ ಪೂರ್ಣ ವಾಕ್ಯ, ಅಧ್ಯಕ್ಷರ ಮತ್ತು ಪಿಡಿಒ ಅವರ ಸಹಿ ಆ ದಿನವೇ ಆಗಲಿ, ದೃಢೀಕೃತ ಪ್ರತಿ ಆ ವಾರವೇ ಕೈಗೆ ಬರಲಿ. ರಾಜ್ಯದ ನೀತಿಯ ಬಗ್ಗೆ ಈ ನಿರ್ಣಯ ಶಿಫಾರಸು ಮಾತ್ರ. ಕಾನೂನೇ ಗ್ರಾಮಸಭೆಗೆ ಅಧಿಕಾರ ಕೊಟ್ಟಿರುವೆಡೆ ಚಿತ್ರ ಬೇರೆ: ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ ತೀರ್ಪಿನಂತೆ, ಅರಣ್ಯ ಹಕ್ಕು ಕಾಯ್ದೆಯಡಿ ಸೇರಿದ 12 ಗ್ರಾಮಸಭೆಗಳು ಬೇಡವೆಂದವು, ಗಣಿಗಾರಿಕೆಯ ಯೋಜನೆ ನಿಂತಿತು.

ಆನ್‌ಲೈನ್ ಸಹಿ ಅಭಿಯಾನಕ್ಕೆ ಕಾನೂನಿನಲ್ಲಿ ಸ್ಥಾನವಿಲ್ಲ. ಅದರ ನಿಜವಾದ ಫಲ ಎರಡು: ಮುಂದೆ ಕರೆದರೆ ಬರುವವರ ಪಟ್ಟಿ ಮತ್ತು ಪತ್ರಿಕೆಯ ಒಂದು ಸುದ್ದಿ. ಕರಡಿನ ಗಡುವು ನಡೆಯುತ್ತಿರುವಾಗ ಜನರ ಶಕ್ತಿಯನ್ನು ಸಹಿ ಗುಂಡಿಗೆ ತಿರುಗಿಸುವುದು ದಡ್ಡತನ, ಅದೇ ಜನ ಅಧಿಕೃತ ವಿಳಾಸಕ್ಕೆ ಪತ್ರ ಬರೆಯಲಿ. ಧರಣಿಯಾದರೆ, ಬೆಂಗಳೂರಿನಲ್ಲಿ ಅದಕ್ಕೆ ಸ್ವಾತಂತ್ರ್ಯ ಉದ್ಯಾನ ಒಂದೇ ಜಾಗ, ಪೊಲೀಸ್ ಅನುಮತಿ ಮೊದಲೇ ಬೇಕು. ಮನವಿ ಸ್ವೀಕರಿಸಲು ಸಚಿವರು ಸ್ಥಳಕ್ಕೆ ಬಂದರೆ ಬರೀ ಮಾತು ಕೇಳಿ ಏಳಬೇಡಿ. ಇಂಥ ದಿನ ಇಂಥ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಸಭೆ ಎಂಬ ಸಭಾ ಸೂಚನಾ ಪತ್ರ ಕೇಳಿ. ಸಭೆಯಾದ ಮೇಲೆ ನಡಾವಳಿ.

ಹಣದ ಬೇಡಿಕೆಗೆ ತಿಂಗಳು ಮುಖ್ಯ. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಸಂಘಟನೆಗಳು ಮನವಿ ಹಿಡಿದು ಬರುವುದೂ ಆಗಲೇ, ಆ ಹೊತ್ತಿಗೆ ಇಲಾಖೆಗಳ ಬೇಡಿಕೆ ಪಟ್ಟಿ ಹೋಗಿ ತಿಂಗಳಾಗಿರುತ್ತದೆ. ಅಕ್ಟೋಬರ್–ನವೆಂಬರಿನಲ್ಲೇ ಆಯುಕ್ತರ ಕಚೇರಿಯ ಯೋಜನಾ ಶಾಖೆಗೆ ನಿಮ್ಮ ಲೆಕ್ಕ ತಲುಪಿರಲಿ. ತಪ್ಪಿದರೆ ಪೂರಕ ಅಂದಾಜು (ವರ್ಷದ ನಡುವೆ ಸದನದ ಮುಂದಿಡುವ ಹೆಚ್ಚುವರಿ ವೆಚ್ಚದ ಪಟ್ಟಿ) ಎಂಬ ಇನ್ನೊಂದು ಅವಕಾಶ ಇದೆ, ಚಿಕ್ಕ ಮೊತ್ತಗಳಿಗೆ.

ಹೈಕೋರ್ಟು ಯಾವಾಗ

ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಲ್ಲಕ್ಕಿಂತ ಬಲವಾದದ್ದೆಂದು ಮೊದಲೇ ಅಲ್ಲಿಗೆ ಓಡುವವರಿದ್ದಾರೆ. ನೀತಿ ಸರಿಯೋ ತಪ್ಪೋ ಎಂದು ನ್ಯಾಯಾಲಯ ನೋಡುವುದಿಲ್ಲ. ಅದು ಸಂವಿಧಾನಕ್ಕೆ, ಕಾಯ್ದೆಗೆ ವಿರುದ್ಧವೇ ಎಂದಷ್ಟೇ ನೋಡುತ್ತದೆ. ಕಾಯ್ದೆ ಮಾಡಿ ಎಂದು ಶಾಸಕಾಂಗಕ್ಕೆ ಆಜ್ಞೆ ಮಾಡುವುದೂ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ಕುರಿತ ವಿಶಾಖಾ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ಕಾನೂನಿನ ಖಾಲಿ ಜಾಗಕ್ಕೆ ಮಾರ್ಗಸೂಚಿ ಕೊಟ್ಟಿತು ನಿಜ, ಆದರೆ ಕಾಯ್ದೆ ಬರಲು 2013ರವರೆಗೆ ಕಾಯಬೇಕಾಯಿತು. ಇರುವ ಯೋಜನೆ ಜಾರಿಯಾಗದಿದ್ದರೆ ನ್ಯಾಯಾಲಯದ ಕೈ ಉದ್ದ: ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಲೇಬೇಕೆಂದು ರಾಜ್ಯಗಳಿಗೆ 2001ರ ನವೆಂಬರ್ 28ರಂದು ಬಂದ ಮಧ್ಯಂತರ ಆದೇಶ ಅಂಥದು.

ಕರ್ನಾಟಕ ಹೈಕೋರ್ಟಿಗೆ ಇದಕ್ಕೆಂದೇ 2018ರ ನಿಯಮಗಳಿವೆ. ಅರ್ಜಿದಾರರಿಗೆ ವಿಷಯದಲ್ಲಿ ಸ್ವಂತ ಲಾಭ ಇದೆಯೇ ಎಂಬುದನ್ನು ನ್ಯಾಯಾಲಯ ಮೊದಲು ಪರೀಕ್ಷಿಸುತ್ತದೆ. ಹುರುಳಿಲ್ಲದ ಅರ್ಜಿಗೆ ದಂಡವೂ ಬೀಳುತ್ತದೆ. ಮನವಿ ಕೊಟ್ಟು ಉತ್ತರ ಬಾರದೆ ಬಂದವರಿಗೆ ಸಿಗುವ ಸಾಮಾನ್ಯ ಆದೇಶ ‘ಮನವಿಯನ್ನು ಕಾನೂನಿನಂತೆ ಇಷ್ಟು ವಾರದಲ್ಲಿ ಪರಿಗಣಿಸಿ’ ಎಂಬುದು. ಪರಿಗಣಿಸಿ ಎಂದರೆ ಒಪ್ಪಿ ಎಂದಲ್ಲ, ತಿರಸ್ಕರಿಸಿಯೂ ಪಾಲಿಸಬಹುದು. ಮೂಲ ಮನವಿಯಲ್ಲಿ ಕಾನೂನಿನ ಅಂಶಗಳನ್ನು ಬರೆದಿರದಿದ್ದರೆ ಅದನ್ನು ತಿರಸ್ಕರಿಸುವುದು ಸುಲಭ. ಅದಕ್ಕೇ ಮೊದಲ ದಿನದ ಮನವಿಯನ್ನೇ ಮುಂದೊಂದು ದಿನ ನ್ಯಾಯಾಧೀಶರು ಓದುತ್ತಾರೆ ಎಂದುಕೊಂಡು ಬರೆಯಬೇಕು.

ರಿಟ್, ಅಂದರೆ ಹೈಕೋರ್ಟಿಗೆ ಇಂಥ ಅರ್ಜಿ ಹಾಕಿದೊಡನೆ ಬೇರೆ ಬಾಗಿಲು ಮುಚ್ಚಿಕೊಳ್ಳುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸದನದ ಅರ್ಜಿ ಸಮಿತಿ, ಸಿಪಿಗ್ರಾಮ್ಸ್ ಎರಡೂ ‘ವಿಷಯ ನ್ಯಾಯಾಲಯದಲ್ಲಿದೆ’ ಎಂದು ಕೈತೊಳೆದುಕೊಳ್ಳುತ್ತವೆ. ಇಲಾಖೆಯ ಅಧಿಕಾರಿಗೂ ಕಡತವನ್ನು ತೀರ್ಪು ಬರುವ ತನಕ ಪಕ್ಕಕ್ಕಿಡಲು ಅದೇ ನೆಪ. ಆಯುಕ್ತರ ಪ್ರಸ್ತಾವನೆ ಆರ್ಥಿಕ ಇಲಾಖೆಯಲ್ಲಿ ಇದ್ದರೆ, ಸಮಿತಿ ಸಾಕ್ಷ್ಯ ಪಡೆಯುತ್ತಿದ್ದರೆ ಇನ್ನೊಂದಷ್ಟು ತಿಂಗಳು ತಡೆಯಿರಿ. ನಾಳೆ ಮರ ಕಡಿಯುತ್ತಾರೆ, ಮನೆ ಒಡೆಯುತ್ತಾರೆ, ಪ್ರವೇಶದ ಕೊನೆಯ ದಿನ ಮುಗಿಯುತ್ತದೆ ಎಂಬಂಥ, ಆದ ಮೇಲೆ ಸರಿಪಡಿಸಲಾಗದ ಹಾನಿ ಎದುರಿಗಿದ್ದರೆ ಮಾತ್ರ ಇದಾವುದಕ್ಕೂ ಕಾಯದೆ ಮಧ್ಯಂತರ ತಡೆ ಕೋರಿ ಹೋಗಿ. ಆಗಲೂ ಹಿಂದಿನ ದಿನ ಸಂಬಂಧಪಟ್ಟ ಅಧಿಕಾರಿಗೆ ಒಂದು ಪುಟದ ಮನವಿ ತಲುಪಿಸಿ, ಮೊಹರು ಬಿದ್ದ ಪ್ರತಿಯನ್ನು ವಕೀಲರ ಕೈಗೆ ಕೊಡಿ.